ಪಾಳಿ ತಪ್ಪಿದ ಲಾರಿ

ದಿನಾಂಕ ಖಚಿತವಾಗದೆ ಯಾವ ಘಟನೆಯನ್ನೂ ಬರೆಯಬಾರದು ಎಂಬುದು ನಾನು ಸೇವೆಯಲ್ಲಿದ್ದಾಗಲೂ ನಿವೃತ್ತನಾದ ಮೇಲೂ ಪಾಲಿಸಿಕೊಂಡು ಬಂದ ವ್ರತ. ಈ ಬರಹದಲ್ಲಿ ಅದು ಮೊದಲ ಪ್ಯಾರಾದಲ್ಲಿಯೇ ಮುರಿದುಬೀಳುತ್ತಿದೆ. ಘಟನೆ ನಡೆದದ್ದು ಮಳೆ ಕೈಕೊಟ್ಟ ಎರಡನೆಯ ವರ್ಷದ ಬೇಸಿಗೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಮೊದಲನೆಯ ವರ್ಷವೇ ಎಂಬುದು ನನ್ನ ಹೆಂಡತಿ ಮಹಾನಂದಾಳ ತೀರ್ಪು. ನನ್ನ ಆಧಾರ ನನ್ನ ನೆನಪು. ಆಕೆಯ ಆಧಾರ ನಮ್ಮ ಅಂಗಳದ ನೀಲಿ ಡ್ರಮ್ಮು.

"ಡ್ರಮ್ ತಂದ ವರ್ಷಾನೇ ನೀವು ಗಲ್ಲಿ ಮುಂದ ನನ್ನ ಮಾನಾ ಕಳದ್ರಿ. ಡ್ರಮ್ಮಿಗಿ ಇನ್ನಾ ಅಂಗಡಿ ಚೀಟಿ ಅಂಟಿಕೊಂಡಿತ್ತು. ನೆನಪದ ನನಗ."

ನೆನಪಿಗಿಂತ ವಸ್ತುಸಾಕ್ಷ್ಯ ಬಲವಾದದ್ದು ಎಂದು ನಾನೇ ಕಿರಿಯ ಸಂಶೋಧಕರಿಗೆ ಬೋಧಿಸಿದವನು. ಆದ್ದರಿಂದ ವರ್ಷದ ಪ್ರಶ್ನೆಯನ್ನು ಸದ್ಯಕ್ಕೆ ಇತ್ಯರ್ಥವಾಗದ್ದೆಂದು ಬಿಟ್ಟು ಮುಂದುವರಿಯುತ್ತೇನೆ.

ನಾನು ಬೀದರಿನ ಹಳೆಯ ಸುರಂಗ ಬಾವಿಗಳ ಬಗ್ಗೆ ದಪ್ಪನೆಯ ಪ್ರಬಂಧವೊಂದನ್ನು ಬರೆದವನು. ಬಹಮನಿ ಕಾಲದಲ್ಲಿ ನೆಲದಡಿಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂಬುದನ್ನು ಬಲ್ಲೆ. ನಮ್ಮ ಗಲ್ಲಿಯ ನಲ್ಲಿಗೆ ಯಾಕೆ ಬರುವುದಿಲ್ಲ ಎಂಬುದನ್ನು ಮಾತ್ರ ಅರಿಯೆ. ಆ ಬೇಸಿಗೆಯಲ್ಲಿ ನಮಗೆ ನೀರು ಬರುತ್ತಿದ್ದುದು ಟ್ಯಾಂಕರಿನಿಂದ. ಬಂದ ದಿನ ಬಂತು, ಬರದ ದಿನ ಇಲ್ಲ.

ಟ್ಯಾಂಕರ್ ಬರುವುದಕ್ಕೂ ಮೊದಲೇ ಗಲ್ಲಿಯಲ್ಲಿ ಕೊಡಗಳು ಸಾಲಾಗಿ ನಿಲ್ಲುತ್ತಿದ್ದವು. ಮನೆಗೊಂದು ಕೊಡ. ಕೊಡ ನಿಂತಿದ್ದರೆ ಆ ಮನೆಯವರು ನಿಂತಂತೆ. ಸರದಿ ಬಂದಾಗ ಮನೆಗೊಂದು ಡ್ರಮ್ಮಿನಷ್ಟು ನೀರು. ಈ ಪಾಳಿಯ ಶಾಸನವನ್ನು ಬರೆದವಳು, ಅಂದರೆ ಬರೆಯದೆಯೇ ಜಾರಿಗೆ ತಂದವಳು, ಮಹಾನಂದಾ. ಶಾಸನದ ಕಠೋರವಾದ ಕಲಮು ಹೀಗಿತ್ತು: ಪಾಳಿ ಬಿಟ್ಟು ಹೊರಗೆ ಹೋದ ಕೊಡ, ಯಾರದ್ದೇ ಇರಲಿ, ಯಾವ ಕಾರಣಕ್ಕೇ ಇರಲಿ, ಹಿಂದಕ್ಕೆ ಹೋಗತಕ್ಕದ್ದು. ಈ ಕಲಮಿನಿಂದಾಗಿ ಗಲ್ಲಿಯಲ್ಲಿ ಜುಟ್ಟು ಹಿಡಿದು ಜಗಳಾಡುವುದು ನಿಂತುಹೋಗಿತ್ತು. ಬಾಯಿಮಾತಿನ ಜಗಳ ಇತ್ತು. ಅದಕ್ಕೆ ಯಾವ ಕಲಮೂ ಇರಲಿಲ್ಲ.

ಆ ದಿನಗಳಲ್ಲಿ ಗಲ್ಲಿಯ ಅರ್ಧ ಬಾಗಿಲುಗಳಿಗೆ ಬೀಗ. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹೋಗುವಾಗ ಕೀಲಿಕೈಯನ್ನು ಬೇರೆಯವರ ಹತ್ತಿರ ಕೊಟ್ಟರೂ ಕೊಡವನ್ನು ಮಹಾನಂದಾಳ ಹತ್ತಿರವೇ ಇಟ್ಟು ಹೋಗುತ್ತಿದ್ದರು. ತಿರುಗಿ ಬಂದ ದಿನ ಪಾಳಿಯಲ್ಲಿ ಜಾಗ ಇರಬೇಕಲ್ಲ! ಎದುರುಮನೆಯ ರುಕ್ಮಿಣಿಬಾಯಿಯೂ ಹಾಗೆಯೇ ತನ್ನ ಹಸಿರು ಪ್ಲಾಸ್ಟಿಕ್ ಕೊಡವನ್ನು ಇಟ್ಟು, ಮಗಳು ಸವಿತಾಳನ್ನು ಕರೆದುಕೊಂಡು ಪುಣೆಗೆ ಹೋಗಿದ್ದಳು. ಡಾಬಕಾ ಊರಿನ ಹೆಣ್ಣುಮಗಳು, ಮಾತು ನೇರ, ಕೆಲಸ ಚುರುಕು. ಅವಳಿಂದ ಫೋನು ಬಂತು.

"ಕಾಕು, ಸವಿತಾಗ ನೋಡ್ಲಿಕ್ಕಿ ಸಂತಪುರದಿಂದ ಬರ್ಲತ್ತಾರ್ರಿ. ನಾವು ಹಿಂದಿನ ದಿನಾ ಬರ್ತೇವಿ. ಬೀಗರಿಗಿ ಕಾಲಿಗಿ ನೀರ್ ಕೊಡ್ಲಿಕ್ಕರೆ ಆಗ್ಬೇಕಲ್ರಿ?"

"ನೀ ಚಿಂತಿ ಮಾಡಬ್ಯಾಡ. ನಿನ್ನ ಕೊಡಾ ನನ್ನ ಕೊಡದ ಹಿಂದೇ ಇರ್ತದ. ಡ್ರಮ್ ತುಂಬಿಸಿ ಕೊಡೋದು ನನ್ನ ಜಿಮ್ಮಾ," ಎಂದು ಮಹಾನಂದಾ ಮಾತು ಕೊಟ್ಟಳು.

ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಾನು ಇಟ್ಟಿರಲಿಲ್ಲ.

ಇನ್ನು ಲಾರಿಯ ವಿಷಯ. ಭಾಲ್ಕಿ ಸಮೀಪದ ಒಂದು ಶಾಸನದಲ್ಲಿ ತಿಥಿಗೂ ವಾರಕ್ಕೂ ಹೊಂದಿಕೆಯಾಗುತ್ತಿರಲಿಲ್ಲ. ಕಣ್ಣಾರೆ ನೋಡೋಣವೆಂದು ಹೋದೆ. ಕಲ್ಲಿಗೆ ಯಾರೋ ಭಕ್ತಿಯಿಂದ ಸುಣ್ಣ ಬಳಿದಿದ್ದರು. ತಿಥಿಯೂ ಇಲ್ಲ, ವಾರವೂ ಇಲ್ಲ. ಬರಿಗೈಯಲ್ಲಿ ಮರಳುತ್ತ ಭಾಲ್ಕಿಯ ಬಸ್ ನಿಲ್ದಾಣದ ಬಳಿ ಹಳೆಯ ಸಾಮಾನಿನ ಅಂಗಡಿಯ ಮುಂದೆ ನಿಂತೆ. ಊರು ಬಿಟ್ಟು ಹೋಗುವವರು ಮಾರಿದ ಮಂಚ, ಮಿಕ್ಸರ್, ಕೂಲರುಗಳು ರಸ್ತೆಯವರೆಗೂ ಚಾಚಿಕೊಂಡಿದ್ದವು. ಅವುಗಳ ನಡುವೆ, ಒಂದು ತೊಟ್ಟಿಲಿನೊಳಗೆ, ದಪ್ಪ ಚಕ್ರಗಳ ಒಂದು ರಿಮೋಟ್ ಲಾರಿ ಮಲಗಿತ್ತು. ಗಾತ್ರದಲ್ಲಿ ಒಂದು ದಷ್ಟಪುಷ್ಟ ಬೆಕ್ಕಿನಷ್ಟು.

"ಇದು ಯಾವ ವರ್ಷದ ತಯಾರಿಕೆ?" ಎಂದು ಕೇಳಿದೆ. ವೃತ್ತಿದೋಷ.

ಅಂಗಡಿಯ ಮೊಯಿನ್ ಭಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಸಾಬ್, ನಿಮಗ ಲಾರಿ ಬೇಕೋ, ಅದರ ಜಾತಕ ಬೇಕೋ?"

"ಓಡುತ್ತದೆಯೇ?"

"ಓಡೋದು ಇದ್ದಿದ್ರ ಇಲ್ಲ್ಯಾಕ ಇರ್ತಿತ್ರಿ? ಅದೂ ಪುಣೇಕ್ಕ ಹೋಗ್ತಿತ್ತು."

ಒಡೆದ ಶಾಸನದ ಅಳಿಸಿಹೋದ ಅಕ್ಷರಗಳನ್ನು ಕೂಡಿಸಿ ಓದಬಲ್ಲವನಿಗೆ ಒಂದು ಆಟಿಕೆ ಲಾರಿ ಯಾವ ಲೆಕ್ಕ ಎಂದು ಅಂದುಕೊಂಡು ಅದನ್ನು ಚೀಲಕ್ಕೆ ಹಾಕಿಕೊಂಡೆ. ನನ್ನ ಅವನತಿಯ ಇತಿಹಾಸ ಈ ವಾಕ್ಯದಿಂದ ಆರಂಭವಾಗುತ್ತದೆ.

ಮನೆಯಲ್ಲಿ ಚೀಲ ಬಿಚ್ಚಿದೊಡನೆ ಮಹಾನಂದಾ ಕೇಳಿದಳು, "ಯಾನ್ರಿ ಇದು?"

"ಒಂದು ವಾಹನ."

"ಹುಡುಗ್ರು ಆಡೋದು."

"ಆಟಿಕೆಯ ದರ್ಜೆಯದಲ್ಲ. ಇದರ ಪುನರುಜ್ಜೀವನ ಸಾಧ್ಯವಿದೆ."

"ಕಲ್ಲು ನೋಡ್ಲಿಕ್ಕಿ ಹೋಗಿ ಇದು ತಂದೀರಿ. ನಾಳಿ ಇದು ನೋಡ್ಲಿಕ್ಕಿ ಹೋಗಿ ಕಲ್ಲು ತರ್ರಿ. ಮಸಾಲಿ ಅರಿಲಿಕ್ಕರೆ ಆಗ್ತದ."

ನನಗೆ ಒಬ್ಬ ಸಹಸಂಶೋಧಕ ಸಿಕ್ಕಿದ. ಪಕ್ಕದ ಮನೆಯ ಗಫೂರ್ ಸಾಹೇಬರು, ವಿದ್ಯುತ್ ಇಲಾಖೆಯಿಂದ ನಿವೃತ್ತರು. ಅವರು ಇಡೀ ಸೇವೆಯನ್ನು ಬಿಲ್ಲು ವಿಭಾಗದಲ್ಲಿ ಮುಗಿಸಿದ್ದರು ಎಂಬ ಸಂಗತಿ ನನಗೆ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಅವರು ಲಾರಿಯ ಹೊಟ್ಟೆಯೊಳಗೆ ಕೈ ಹಾಕಿ ಆಗಿತ್ತು.

"ಮೋಟರ್ ಖತಂ ಆಗ್ಯಾದ ಸಾಹೇಬ್ರ," ಎಂದು ಮೂಸಿ ನೋಡಿ ಹೇಳಿದರು. ಸುಟ್ಟ ವಾಸನೆ ಪಡಸಾಲೆಯ ಆಚೆಗೂ ಬರುತ್ತಿತ್ತು. ಪ್ಲಾಸ್ಟಿಕ್ಕಿನ ಗಿಯರುಗಳ ಹಲ್ಲು ಸವೆದು ನನ್ನ ಹಲ್ಲಿನಂತಾಗಿದ್ದವು. ಬ್ಯಾಟರಿ ಉಬ್ಬಿ ಪೂರಿಯಾಗಿತ್ತು. ಇದ್ದದ್ದನ್ನು ಇದ್ದಂತೆ ಸರಿಪಡಿಸುವುದು ಜೀರ್ಣೋದ್ಧಾರದ ಮೂಲತತ್ವ. ನಾವು ಆ ತತ್ವವನ್ನು ಬಿಟ್ಟು ಸುಧಾರಣೆಗೆ ಇಳಿದೆವು. ಆನ್‌ಲೈನಿನಲ್ಲಿ ಮೊದಲಿನದಕ್ಕಿಂತ ಬಹಳ ಜೋರಾದ ಮೋಟರು, ಕಬ್ಬಿಣದ ಗಿಯರು, ಹೊಸ ಬ್ಯಾಟರಿ, ಹೊಸ ರಿಮೋಟು ತರಿಸಿದೆವು. ಇಷ್ಟಾದ ಮೇಲೆ ಹಳೆಯ ಲಾರಿಯಲ್ಲಿ ಹಳೆಯದಾಗಿ ಉಳಿದದ್ದು ಚಕ್ರಗಳು ಮತ್ತು ಭಾಲ್ಕಿಯ ಧೂಳು.

ಶಾಕ್ ಅಬ್ಸರ್ಬರುಗಳಿಗೆ ವಿಶೇಷ ಎಣ್ಣೆ ಬೇಕೆಂದು ಕೈಪಿಡಿ ಹೇಳುತ್ತಿತ್ತು. ಅದು ಬರಲು ತಡವಾಗುವುದೆಂದು ಅಡುಗೆಮನೆಯ ಕುಸುಬೆ ಎಣ್ಣೆ ತುಂಬಿದೆವು. ಲಾರಿ ಬಹಳ ಮೆತ್ತಗೆ ಕುಣಿಯತೊಡಗಿತು. ಬೆಳಗಾದರೆ ಅದರ ಮೇಲೆ ಇರುವೆಗಳ ಪಾಳಿ! ಆ ಪಾಳಿಯಲ್ಲಿ ಶಿಸ್ತಿತ್ತು ಎಂಬುದನ್ನು ಒಪ್ಪಬೇಕು.

"ಎಣ್ಣಿ ಡಬ್ಬಿ ಯಾಕ ಹಗುರಾಗ್ಯಾದ?" ಎಂದು ಒಳಗಿನಿಂದ ಮಹಾನಂದಾ ಕೇಳಿದಳು.

"ಭಾಭೀಜಿ, ಲಾರಿಗಿ ಒಗ್ಗರಣಿ ಹಾಕೇವಿ!" ಎಂದರು ಗಫೂರ್ ಸಾಹೇಬರು. ಆ ದಿನ ಅವರಿಗೆ ಚಹಾ ಸಿಗಲಿಲ್ಲ. ನನಗೂ ಸಿಗಲಿಲ್ಲ.

ಕೊನೆಗೆ ಉಳಿದದ್ದು ಒಂದೇ ವಿಧಿ. ರಿಮೋಟಿನ ಸಂಕೇತ ತಪ್ಪಿದರೆ ಲಾರಿ ಏನು ಮಾಡಬೇಕು ಎಂಬುದನ್ನು ಮೊದಲೇ ಕಲಿಸಿಡಬೇಕಂತೆ. ಕೈಪಿಡಿಯ ಆ ಪುಟವನ್ನು ಮತ್ತೆ ಮತ್ತೆ ಓದಿ, ಅಡಿಗೆರೆ ಎಳೆದಿದ್ದೆ. ಲಾರಿಯನ್ನು ಓಡಿಸಲು ಬೆರಳಿನಿಂದ ಎಳೆಯುವ ರಿಮೋಟಿನ ಗುಂಡಿಯಿಂದ ಕೈ ತೆಗೆದು, ಲಾರಿಯೊಳಗಿನ ಚಿಕ್ಕ ಗುಂಡಿಯನ್ನು ಒತ್ತಬೇಕು. ಹಾಗೆ ಒತ್ತಿದರೆ, ಸಂಕೇತ ತಪ್ಪಿದಾಗ ಲಾರಿ ನಿಂತುಬಿಡುತ್ತದೆ. ಇಷ್ಟು ಸರಳ. ನಾನು ಒಂದು ಕೈಯಲ್ಲಿ ಲಾರಿಯನ್ನು ಎತ್ತಿಹಿಡಿದು, ಇನ್ನೊಂದು ಕೈಯಿಂದ ಗುಂಡಿ ಎಳೆದು, ಚಕ್ರಗಳು ಗಿರ್ರನೆ ತಿರುಗುವುದನ್ನು ಮೈಮರೆತು ನೋಡುತ್ತಿದ್ದೆ.

"ಒತ್ಲಾ ಸಾಹೇಬ್ರ?" ಎಂದರು ಗಫೂರ್ ಸಾಹೇಬರು.

"ಒತ್ತಿ," ಎಂದೆ. ಗುಂಡಿಯನ್ನು ಪೂರ್ತಿ ಎಳೆದೇ ಹಿಡಿದಿದ್ದೆ!

ಹೀಗೆ ನಮ್ಮ ಲಾರಿ, ಸಂಕೇತ ತಪ್ಪಿದರೆ ಪೂರ್ಣ ವೇಗದಲ್ಲಿ ಓಡಬೇಕು ಎಂಬ ಪಾಠವನ್ನು ವಿಧೇಯವಾಗಿ ಕಲಿತುಕೊಂಡಿತು. ನಾವಿಬ್ಬರೂ ಪರಸ್ಪರ ಕೈಕುಲುಕಿದೆವು.

ರುಕ್ಮಿಣಿಬಾಯಿ ಬರುವ ದಿನವೇ ಟ್ಯಾಂಕರಿನ ದಿನವೂ ಆಯಿತು. ಪಾಳಿ ನಮ್ಮ ಮನೆಯಿಂದ ಶುರುವಾಗಿ, ಇಳಿಜಾರಿನ ಕೆಳಗೆ, ಚೌಕದಲ್ಲಿ ಟ್ಯಾಂಕರ್ ನಿಲ್ಲುವ ಜಾಗದವರೆಗೆ ಹಬ್ಬಿತ್ತು. ನಮ್ಮ ಸ್ಟೀಲ್ ಕೊಡ ನಡುವೆ, ಅದರ ಹಿಂದೆ ರುಕ್ಮಿಣಿಬಾಯಿಯ ಹಸಿರು ಕೊಡ, ಅದರ ಹಿಂದೆ ನಾಗಮ್ಮನದು. ನಾಗಮ್ಮ ಎಂದರೆ ಮಹಾನಂದಾಳ ಶಾಸನಕ್ಕೆ ನಮ್ಮ ಗಲ್ಲಿಯ ಏಕೈಕ ವಿರೋಧಪಕ್ಷ.

ಮಹಾನಂದಾ ಚಪ್ಪಲಿ ಮೆಟ್ಟಿಕೊಂಡು ನನ್ನೆದುರು ನಿಂತಳು. "ನಾ ಬಸ್ ಸ್ಟ್ಯಾಂಡಿಗಿ ಹೋಗಿ ರುಕ್ಮಿಣಿಗ ಕರ್ಕೊಂಡ್ ಬರ್ತೇನಿ. ಸಾಮಾನ್ ಭಾಳ ಅವ ಅಂದಾಳ. ನೀವು ಮಾಡೋದು ಒಂದೇ ಕೆಲಸ. ಪಾಳಿ ಸರದಂಗ ಎರಡೂ ಕೊಡಾ ಕಾಲಿಲೆ ಮುಂದ ತಳ್ಳೋದು. ತಿಳೀತಾ?"

"ತಿಳಿಯದೆ ಏನು?"

"ಮತ್ತೇನೂ ಮಾಡಬ್ಯಾಡ್ರಿ."

"ಮತ್ತೇನು ಮಾಡಲಿ?"

ಆಕೆ ನನ್ನನ್ನೂ, ಮೂಲೆಯಲ್ಲಿದ್ದ ಲಾರಿಯನ್ನೂ ಒಮ್ಮೆ ನೋಡಿ ಹೋದಳು. ಆಕೆ ತಿರುವು ದಾಟಿದಳೋ ಇಲ್ಲವೋ, ಗಫೂರ್ ಸಾಹೇಬರು ಕಟ್ಟೆ ಏರಿ ಬಂದರು.

"ಬಿಸಿಲಿನಾಗ ಕೊಡಾ ತಳ್ಳೋದಾ ಸಾಹೇಬ್ರ? ಲಾರಿ ಯಾಕ ಅದ ಮತ್ತ?"

ಮನುಷ್ಯ ಎರಡು ರೀತಿಯಲ್ಲಿ ಹಾಳಾಗುತ್ತಾನೆ: ತನ್ನ ಬುದ್ಧಿಯಿಂದ ಮತ್ತು ನೆರೆಯವರ ಬುದ್ಧಿಯಿಂದ. ನನಗೆ ಎರಡೂ ಒಟ್ಟಿಗೇ ಒದಗಿಬಂದವು. ಸ್ಟೀಲ್ ಕೊಡ ಭಾರ. ಹಸಿರು ಕೊಡ ಹಗುರ. ಆದ್ದರಿಂದ ಹಸಿರು ಕೊಡವನ್ನೇ ಆರಿಸಿದೆವು. ಲಾರಿಯ ಮೇಲಿನ ತಗಡಿಗೆ ಮಹಾನಂದಾ ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ಕಟ್ಟಿ, ಅದರ ಮೇಲೆ ಕೊಡವನ್ನು ಕೂರಿಸಿದೆವು. ಸಿಂಬಿ ಹೊತ್ತ ಲಾರಿ ಹೊಸ ಸೊಸೆಯಂತೆ ಕಾಣುತ್ತಿತ್ತು.

ಆಗ ಗೊತ್ತಾಯಿತು, ಪ್ರಯೋಗ ಮಾಡಿ ಮಾಡಿ ರಿಮೋಟಿನ ಸೆಲ್ಲುಗಳೇ ಮುಗಿದುಹೋಗಿವೆ! ಅಂಗಡಿಗೆ ಹೋದರೆ ಪಾಳಿ ತಪ್ಪುತ್ತದೆ. ನಾನು ಕರ್ತವ್ಯನಿಷ್ಠ. ಟಾರ್ಚಿನಿಂದ ಒಂದಿಷ್ಟು, ಟಿವಿಯ ರಿಮೋಟಿನಿಂದ ಒಂದಿಷ್ಟು, ಕೊನೆಗೆ ಗೋಡೆಯ ಗಡಿಯಾರದಿಂದಲೂ ಸೆಲ್ಲು ತೆಗೆದು ಹಾಕಿದೆ. ಕಾಲವನ್ನೇ ಓಡಿಸಿದ ಸೆಲ್ಲು ಒಂದು ಲಾರಿಯನ್ನು ಓಡಿಸದೆ? ಕಾಲಗಣನೆಯನ್ನೇ ಬದುಕಾಗಿಸಿಕೊಂಡವನ ಮನೆಯಲ್ಲಿ ಕಾಲ ಆ ಕ್ಷಣದಲ್ಲಿ ನಿಂತುಹೋಯಿತು.

ಟ್ಯಾಂಕರ್ ಬಂತು. ಪಾಳಿ ಸರಿಯಿತು. ನಾನು ಕಟ್ಟೆಯ ನೆರಳಿನಲ್ಲಿ ಕುಳಿತು ಗುಂಡಿಯನ್ನು ಮೆಲ್ಲಗೆ ಎಳೆದೆ. ಹಸಿರು ಕೊಡ ಗೇಣಷ್ಟು ಮುಂದೆ ಹೋಗಿ, ನಮ್ಮ ಸ್ಟೀಲ್ ಕೊಡದ ಬೆನ್ನಿಗೆ ಮರ್ಯಾದೆಯಿಂದ ನಿಂತಿತು. ಸ್ಟೀಲ್ ಕೊಡವನ್ನು ಗಫೂರ್ ಸಾಹೇಬರು ಕಾಲಿನಿಂದ ತಳ್ಳಿದರು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಅಯ್ಯ, ರುಕ್ಮಿಣಿ ಕೊಡಕ್ಕ ಕಾಲ್ ಬಂದಾವಲ್ಲೇ!"

"ಕಾಕಾ, ನಮ್ಮ ಮನಿಯವರಿಗೂ ಇಂಥದೊಂದು ಹಚ್ರಿ. ಎಬ್ಬಿಸಿದ್ರೂ ಏಳಲ್ಲರಿ."

ನಾಗಮ್ಮ ಮಾತ್ರ ನಗಲಿಲ್ಲ. "ಕಾಕಾ, ಇದು ಪಾಳಿ ಹೌದೋ, ಉರುಸೋ?"

"ವೈಜ್ಞಾನಿಕ ಪಾಳಿ," ಎಂದೆ. ನಾನು ಕೊನೆಯ ಬಾರಿ ತಲೆ ಎತ್ತಿ ಮಾತನಾಡಿದ್ದು ಅದು.

ಪಾಳಿ ಮತ್ತೆ ಸರಿಯಿತು. ಗುಂಡಿ ಎಳೆದೆ. ಲಾರಿ ಕದಲಲಿಲ್ಲ. ರಿಮೋಟಿನ ಕೆಂಪು ದೀಪ ಒಮ್ಮೆ ಮಿಟುಕಿತು, ಇನ್ನೊಮ್ಮೆ ಮಿಟುಕಿತು, ಆರಿತು. ಸಂಕೇತ ತಪ್ಪಿತು. ಲಾರಿ ತನಗೆ ಕಲಿಸಿದ ಪಾಠವನ್ನು ನೆನಪಿಸಿಕೊಂಡಿತು.

ಅಂಥ ಜ್ಞಾಪಕಶಕ್ತಿಯುಳ್ಳ ವಿದ್ಯಾರ್ಥಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ! ಜೋರಾದ ಮೋಟರು, ಕಬ್ಬಿಣದ ಗಿಯರು, ಇಳಿಜಾರು ಮೂರೂ ಕೂಡಿದವು. ಲಾರಿ ನಮ್ಮ ಸ್ಟೀಲ್ ಕೊಡವನ್ನು ಸವರಿಕೊಂಡು, ಪಾಳಿಯನ್ನು ಬಿಟ್ಟು, ತಲೆಯ ಮೇಲೆ ಹಸಿರು ಕೊಡವನ್ನು ಹೊತ್ತುಕೊಂಡೇ ಚೌಕದತ್ತ ಧಾವಿಸಿತು. ಹೆಂಗಸರು ಸೀರೆ ಎತ್ತಿ ಎರಡೂ ಬದಿಗೆ ಹಾರಿದರು. ನಾನು ಸತ್ತ ರಿಮೋಟನ್ನು ಬಡಿಯುತ್ತ ಹಿಂದೆ ಓಡಿದೆ. ನನ್ನ ಹಿಂದೆ ಗಫೂರ್ ಸಾಹೇಬರು, "ಬ್ರೇಕ್ ಹಾಕ್ರಿ ಸಾಹೇಬ್ರ, ಬ್ರೇಕ್!" ಎಂದು ಕೂಗುತ್ತ ಓಡಿದರು. ಬ್ರೇಕು ಎಂಬ ಸುಧಾರಣೆಯನ್ನು ನಾವು ಮಾಡಿರಲಿಲ್ಲ.

ಕೊಡ ತುಂಬಿಸುತ್ತಿದ್ದವನ ಮೊಣಕಾಲಿಗೆ ಲಾರಿ ಗುದ್ದಿತು. ಅವನು ಪೈಪು ಬಿಟ್ಟು ಕುಪ್ಪಳಿಸಿದ. ಪೈಪು ಹಾವಿನಂತೆ ಎದ್ದು ನೀರು ಚಿಮ್ಮತೊಡಗಿತು. ಬರಗಾಲದ ಗಲ್ಲಿಯಲ್ಲಿ ನೀರಿನ ಕಾರಂಜಿ! ಕೊಡ, ತಂಬಿಗೆ, ಕೈಗೆ ಸಿಕ್ಕಿದ ಪಾತ್ರೆ ಹಿಡಿದು ಎಲ್ಲರೂ ಮುಗಿಬಿದ್ದರು. ಯಾರೋ ಟ್ಯಾಂಕರಿನ ನಲ್ಲಿ ತಿರುಗಿಸಿ ನಿಲ್ಲಿಸಿದರು. ಲಾರಿ ಟ್ಯಾಂಕರಿನ ಚಕ್ರಕ್ಕೆ ಡಿಕ್ಕಿ ಹೊಡೆದು, ಮಗುಚಿಬಿದ್ದು, ನಾಲ್ಕೂ ಚಕ್ರಗಳನ್ನು ಮೇಲೆ ಮಾಡಿ ಇನ್ನೂ ಓಡುತ್ತಲೇ ಇತ್ತು. ಹಸಿರು ಕೊಡ ಚೌಕದ ಆಚೆಗೆ ಉರುಳುತ್ತ ಹೊರಟಿತ್ತು.

ಸರಿಯಾಗಿ ಆಗ ಆಟೋದಿಂದ ಮಹಾನಂದಾ, ರುಕ್ಮಿಣಿಬಾಯಿ ಮತ್ತು ಸವಿತಾ ಇಳಿದರು. ಹಸಿರು ಕೊಡ ಉರುಳುತ್ತ ಬಂದು ತನ್ನ ಒಡತಿಯ ಕಾಲ ಬಳಿಯೇ ನಿಂತಿತು.

"ಕಾಕು," ಎಂದಳು ರುಕ್ಮಿಣಿಬಾಯಿ, ಕೊಡವನ್ನು ಎತ್ತಿಕೊಂಡು, "ಇದು ನನಗ ಕರೀಲಿಕ್ಕಿ ಬಂತೇನ್ರಿ?"

ಯಾರೂ ನಗಲಿಲ್ಲ. ನಾಗಮ್ಮ ಸೊಂಟಕ್ಕೆ ಕೈ ಇಟ್ಟು ಮುಂದೆ ಬಂದಳು. "ಮಹಾನಂದಕ್ಕ, ನಿಮ್ಮ ಕೊಡಾ ಜಾಗಾ ಬಿಟ್ಟಿಲ್ಲ. ನಾನೇ ಕಾಲಿಲೆ ಸರಸೇನಿ, ಸುಳ್ಳು ಹೇಳಲ್ಲ. ಆದ್ರ ಈ ಹಸರು ಕೊಡಾ ಪಾಳಿ ಬಿಟ್ಟು ಹೊರಗ ಹೋಗ್ಯಾದ. ನಿಮ್ಮದೇ ಮಾತು. ಈಗ ನೀವೇ ಹೇಳ್ರಿ."

ಮಹಾನಂದಾ ನನ್ನ ಕೈಯಲ್ಲಿದ್ದ ರಿಮೋಟನ್ನು ನೋಡಿದಳು, ಮಗುಚಿದ ಲಾರಿಯ ತಲೆಯಲ್ಲಿದ್ದ ತನ್ನ ಸಿಂಬಿಯನ್ನು ನೋಡಿದಳು. ನಾನು ಬಾಯಿ ತೆರೆದೆ. "ಇದರಲ್ಲಿ ಕೊಡದ ತಪ್ಪಿಲ್ಲ, ಕಲಮಿನ ಆಶಯವನ್ನು ಗಮನಿಸಿದರೆ..."

"ನೀವು ಸುಮ್ಮನಿರ್ರಿ!" ಎಂದಳು. ಆಮೇಲೆ ಹಸಿರು ಕೊಡವನ್ನು ರುಕ್ಮಿಣಿಬಾಯಿಯ ಕೈಯಿಂದ ತೆಗೆದುಕೊಂಡು, ತಾನೇ ಇಳಿಜಾರು ಹತ್ತಿ ಹೋಗಿ, ಪಾಳಿಯ ಕೊನೆಯಲ್ಲಿ ಇಟ್ಟಳು. "ಹಿಂದ," ಎಂದಳು. ಅಷ್ಟೇ.

ನಾಗಮ್ಮನೇ ತಲೆ ತಗ್ಗಿಸಿದಳು.

ಟ್ಯಾಂಕರ್ ಹಸಿರು ಕೊಡದವರೆಗೆ ಬರುವ ಮುನ್ನವೇ ಖಾಲಿಯಾಯಿತು. ಕಾರಂಜಿಯಾಗಿ ಹೋದ ನೀರು ಇದ್ದಿದ್ದರೆ ಸಾಕಾಗುತ್ತಿತ್ತೋ ಏನೋ. ಆ ಲೆಕ್ಕವನ್ನು ನಾನು ಇಂದಿಗೂ ಪರಿಶೀಲಿಸಿಲ್ಲ. ನಮ್ಮ ಸರದಿಯ ನೀರು ಮಾತ್ರ ಬಂತು. ಮಹಾನಂದಾ ಅದರಲ್ಲಿ ಒಂದು ಕೊಡವನ್ನೂ ನಮ್ಮ ನೀಲಿ ಡ್ರಮ್ಮಿಗೆ ಹಾಕಗೊಡಲಿಲ್ಲ. ಎಲ್ಲವೂ ಎದುರುಮನೆಗೆ ಹೋಯಿತು. ಹೊತ್ತವರು ನಾನು ಮತ್ತು ಗಫೂರ್ ಸಾಹೇಬರು. ಲಾರಿ ಇಲ್ಲದೆ.

"ಕಾಕು, ನಿಮಗ?" ಎಂದು ರುಕ್ಮಿಣಿಬಾಯಿ ದಾರಿಗೆ ಅಡ್ಡ ನಿಂತಳು.

"ಕುಡೀಲಿಕ್ಕಿ ಬಿಂದಿಗಿ ತುಂಬ ಅದ. ಜಳಕದ ಚಿಂತಿಲ್ಲ. ಇವರು ಮಾಡಿದ್ದು ನೋಡಿ ನನಗಂತೂ ಆಗಲೇ ಬೆವರಿನ ಜಳಕಾಗ್ಯಾದ."

ಮರುದಿನ ಸಂತಪುರದ ಬೀಗರು ಬಂದರು. ಮಾತುಕತೆಗೆ ಗಲ್ಲಿಯ ಓದಿದವರೊಬ್ಬರು ಕೂರಬೇಕೆಂದು ರುಕ್ಮಿಣಿಬಾಯಿ ಹಟ ಹಿಡಿದಳು. ಸ್ನಾನವಿಲ್ಲದ, ಕ್ಷೌರವಿಲ್ಲದ ಓದಿದವನು ನಾನೊಬ್ಬನೇ. "ಬಾಗಲ ಹತ್ರ ಕೂಡ್ರಿ. ಗಾಳಿ ಹೊರಗಿನ ಕಡಿ ಹೋಗ್ತದ," ಎಂದು ಮಹಾನಂದಾ ಜಾಗವನ್ನೂ ನಿಗದಿಪಡಿಸಿದಳು.

ಬೀಗರಿಗೆ ಕಾಲು ತೊಳೆಯಲು ಬಕೆಟ್ ತುಂಬ ನೀರು, ಕುಡಿಯಲು ತಂಬಿಗೆ ತುಂಬ ನೀರು. ವರನ ಸೋದರಮಾವ ಎಂಬ ಹಿರಿಯರು ಬೆರಗಾದರು. "ನಮ್ಮ ಕಡಿ ಹನಿ ಇಲ್ಲರಿ. ನಿಮಗ ಇಷ್ಟು ನೀರು ಎಲ್ಲಿಂದ ಬಂತ್ರೀ?"

ರುಕ್ಮಿಣಿಬಾಯಿ ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮ ಕಾಕಾರ್ದು ಲಾರಿ ಅದರಿ," ಎಂದು ನನ್ನತ್ತ ಕೈ ತೋರಿಸಿದಳು.

ಹಿರಿಯರು ನನ್ನ ಕೆದರಿದ ಕೂದಲು, ಗ್ರೀಸು ಮೆತ್ತಿದ ಉಗುರು, ಮಾಸಿದ ಅಂಗಿಯನ್ನು ನೋಡಿದರು. ಅವರಿಗೆ ಎಲ್ಲವೂ ಸರಿಹೊಂದಿತು. "ಹೌದ್ರಿ? ನಿಮ್ಮ ಲಾರಿದಾಗ ಎಷ್ಟು ನೀರು ಹಿಡೀತದರಿ?"

ಯಾರೇ ತಪ್ಪು ಹೇಳಲಿ, ಮೂಲ ಆಕರವನ್ನು ಮುಂದಿಟ್ಟು ತಿದ್ದುವುದು ನನ್ನ ಸ್ವಭಾವ. ತಿದ್ದಲು ಹೊರಟೆ. ಒಳಕೋಣೆಯ ಬಾಗಿಲ ಸಂದಿಯಿಂದ ಮಹಾನಂದಾಳ ಕಣ್ಣು ಕಂಡಿತು. ಅದರ ಹಿಂದೆ ಹೊಸ ಸೀರೆ ಉಟ್ಟು ಉಸಿರು ಬಿಗಿಹಿಡಿದು ನಿಂತ ಸವಿತಾಳ ಮುಖ.

"ಒಂದು ಕೊಡಾರಿ," ಎಂದೆ. "ಅದೂ ಕೊಡಾ ಖಾಲಿ ಇದ್ರ."

ಹಿರಿಯರು ತೊಡೆ ತಟ್ಟಿಕೊಂಡು ನಕ್ಕರು. "ದೊಡ್ಡ ಮಂದಿ ಹಿಂಗೇರಿ, ಇದ್ದದ್ದು ಇಲ್ಲ ಅಂತಾರ. ಆಗ್ಲಿ, ಮದುವಿಗಿ ನಮ್ಮ ಸಂತಪುರಕ್ಕ ಒಂದು ಖೇಪ ನೀರು ಹೊಡೀಲೇಬೇಕ್ರಿ!"

ಸಂಬಂಧ ಕೂಡಿತು. ಅದು ಸವಿತಾಳ ಗುಣದಿಂದಲೋ, ನನ್ನ ಲಾರಿಯ ಕೀರ್ತಿಯಿಂದಲೋ ಎಂಬ ಬಗ್ಗೆ ವಿದ್ವಾಂಸರಲ್ಲಿ, ಅಂದರೆ ನನ್ನಲ್ಲಿ ಮತ್ತು ಗಫೂರ್ ಸಾಹೇಬರಲ್ಲಿ, ಭಿನ್ನಾಭಿಪ್ರಾಯವಿದೆ.

ಮುಂದಿನ ಟ್ಯಾಂಕರ್ ಬಂದ ದಿನ ಬಿಸಿಲಿನಲ್ಲಿ ನಾನೇ ನಿಂತೆ. ಮಹಾನಂದಾ ಕಟ್ಟೆಯ ನೆರಳಿನಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಸೆಲ್ಲುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು, ಆದರೆ ಗಡಿಯಾರ ಮಾತ್ರ ತೂಕಡಿಸುತ್ತ ಹಿಂದೆ ಬೀಳುತ್ತಿತ್ತು. ಪಾಳಿ ಸರಿಯಿತು. ನಾನು ಸಕಲ ಎಚ್ಚರದಿಂದ ಬಲಗಾಲನ್ನು ಎತ್ತಿ ನಮ್ಮ ಸ್ಟೀಲ್ ಕೊಡವನ್ನು ಮುಂದೆ ತಳ್ಳಿದೆ. ಅದು ಮಗುಚಿ, ಠಣಠಣ ಎನ್ನುತ್ತ ಇಳಿಜಾರಿನಲ್ಲಿ ಉರುಳಿ, ಪಾಳಿ ಬಿಟ್ಟು ಗಟಾರಕ್ಕೆ ಬಿತ್ತು.

ಗಲ್ಲಿಯೆಲ್ಲ ಕಟ್ಟೆಯತ್ತ ತಿರುಗಿತು. ಮಹಾನಂದಾ ಮೊರದಿಂದ ತಲೆ ಎತ್ತಲಿಲ್ಲ.

"ಹಿಂದ," ಎಂದಳು.

ನಾನು ಕೊಡ ಎತ್ತಿಕೊಂಡು ಪಾಳಿಯ ಕೊನೆಗೆ ನಡೆದೆ.